ನಪಾಸಾದ ಚೀಲ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಆವತ್ತು ಅದೇ ಕೆಲಸಕ್ಕೆ ಬಂತು.

ನಮ್ಮ ಕೆಲಸ ಇಷ್ಟೇ. ರಕ್ತದ ಕ್ಯಾನ್ಸರ್ ಆದವರ ಮೈಯಿಂದ ಟಿ ಕಣಗಳನ್ನು, ಅಂದರೆ ರೋಗದ ಜೊತೆ ಹೊಡೆದಾಡುವ ಕಣಗಳನ್ನು, ತೆಗೆದು ನಮಗೆ ಕಳಿಸುತ್ತಾರೆ. ಕ್ಯಾನ್ಸರ್ ಕಣ ಎದುರಿಗೇ ನಿಂತಿದ್ದರೂ ಈ ಪೆದ್ದುಗಳಿಗೆ ಗುರುತು ಸಿಗುವುದಿಲ್ಲ. ನಾವು ಒಳಗೆ ಹೊಸ ಜೀನು ಸೇರಿಸುತ್ತೇವೆ. ಆಗ ಅವುಗಳ ಮೈಮೇಲೆ ಹೊಸ ರಿಸೆಪ್ಟರ್ ಮೂಡುತ್ತದೆ, ಕಳ್ಳನ ಕೊರಳಪಟ್ಟಿ ಹಿಡಿಯೋಕೆ ಒಂದು ಕೈ ಬಂದ ಹಾಗೆ. ಆಮೇಲೆ ಬೆಳೆಸಿ, ಚೀಲಕ್ಕೆ ತುಂಬಿ, ಅದೇ ರೋಗಿಗೆ ವಾಪಸ್ಸು ಕಳಿಸುತ್ತೇವೆ.

ಈ ಚೀಲ ಡ್ರೈವಿಂಗ್ ಕಲಿಸುವ ಒಬ್ಬ ಹೆಂಗಸಿನದು. ವರ್ಷಗಟ್ಟಲೆ ಕೀಮೋ ತಡೆದುಕೊಂಡ ಮೈ, ಕಣಗಳೂ ಸೋತುಹೋಗಿದ್ದವು. ಕೊನೆಯ ಪರೀಕ್ಷೆಯಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಜೀವಂತ. ನಿಯಮ ಕೇಳುವುದು ಅದಕ್ಕಿಂತ ಚೂರು ಜಾಸ್ತಿ. ಚೂರೇ ಚೂರು!

"ನಪಾಸು. ಕಸದ ಡಬ್ಬಿಗೆ ಹಾಕಿ," ಅಂದರು ಕ್ವಾಲಿಟಿ ಸರ್. ಚೀಲಗಳ ಗುಣಮಟ್ಟ ನೋಡುವ ಅಧಿಕಾರಿ ಅವರೇ.

"ಸರ್, ಬದುಕಿರೋ ಕಣಗಳನ್ನ ಕ್ಯಾನ್ಸರ್ ಕಣಗಳ ಜೊತೆ ಬಿಟ್ಟು ನೋಡಿದೀನಿ. ಗುಡಿಸಿ ಹಾಕಿವೆ. ಆಕೆ ಮೈಯಿಂದ ಇನ್ನೊಂದ್ಸಲ ಕಣ ತೆಗೆಯೋಕಾಗಲ್ಲ. ಇರೋದೇ ಇದೊಂದು ಚೀಲ."

"ನಮ್ಮಲ್ಲಿ ಇವತ್ತಿನ ತನಕ ನಪಾಸಾದ ಚೀಲ ಬಾಗಿಲು ದಾಟಿಲ್ಲ."

ಅದೇ ಅವರ ಹೆಮ್ಮೆ. ಕೆಟ್ಟ ಮನುಷ್ಯ ಅಲ್ಲ. ಸತ್ತ ಕಣ ಜಾಸ್ತಿ ಇದ್ದರೆ ರೋಗಿಗೆ ತೊಂದರೆ ಆಗಬಹುದು, ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಅದೇ ನಿಯಮದೊಳಗೆ ಇನ್ನೊಂದು ದಾರಿಯೂ ಇದೆ: ಬೇರೆ ಗತಿ ಇಲ್ಲದಾಗ, ಎಲ್ಲ ತಿಳಿದೂ ರೋಗಿ ಮತ್ತು ಡಾಕ್ಟರು ಕೇಳಿದರೆ, ಆಸ್ಪತ್ರೆಯ ಸಮಿತಿ ಒಪ್ಪಿದರೆ ಕೊಡಬಹುದು. ನಮ್ಮಲ್ಲಿ ಯಾರೂ ಕೇಳಿರಲಿಲ್ಲ, ಯಾಕಂದರೆ ಇಂಥ ದಾರಿ ಇದೆ ಅಂತ ನಾವು ಯಾರಿಗೂ ಹೇಳಿರಲಿಲ್ಲ. "ಚೀಲ ಸರಿಯಾಗಲಿಲ್ಲ" ಅಂತ ತಿಳಿಸಿ ಕೈ ತೊಳೆದುಕೊಳ್ಳುವುದು ನಮ್ಮ ರೂಢಿ.

ನನಗೆ ಮೈಯೆಲ್ಲ ಉರಿದುಹೋಯಿತು. ಅವರೆದುರಿಗೇ ಆಸ್ಪತ್ರೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

ಡಾಕ್ಟರಮ್ಮ ಆ ರೋಗಿಯ ಮಂಚದ ಪಕ್ಕದಲ್ಲೇ ಇದ್ದರು, ಅವರೂ ಸ್ಪೀಕರಿಗೆ ಹಾಕಿದರು. ಡಬ್ಬಿಗೆ ಹಾಕಿ ಅಂದದ್ದೂ ಸೇರಿ ನಾನು ಹೇಳಿದ್ದನ್ನೆಲ್ಲ ಕೇಳಿ, "ಹೂಂ, ನೋಡೋಣ, ಯೋಚನೆ ಮಾಡ್ಬೇಕು" ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟರು. ಅಷ್ಟರಲ್ಲಿ ಮಂಚದ ಮೇಲಿಂದ ಒಂದು ಒಡಕು ದನಿ ನುಗ್ಗಿತು.

"ಕೊಡಿ ಇಲ್ಲಿ ಫೋನು. ಏನಮ್ಮಾ, ಬದುಕಿರೋವು ಎಷ್ಟು?"

"ಮೂರರಲ್ಲಿ ಎರಡು ಪಾಲು, ಅಮ್ಮಾ. ಕೊಟ್ರೆ ಅಪಾಯಾನೂ ಇದೆ. ಕೆಲಸ ಮಾಡದೇನೂ ಹೋಗಬಹುದು."

"ಕೊಡದೇ ಇದ್ರೆ?"

ನಾನು ಕ್ವಾಲಿಟಿ ಸರ್ ಕಡೆ ತಿರುಗಿದೆ. ಅವರು ಗೋಡೆ ನೋಡುತ್ತಿದ್ದರು.

"ಗೊತ್ತಾಯ್ತು ಬಿಡು," ಅಂದರು ಆಕೆ. "ನನ್ನ ಮೈಯಲ್ಲಿ ಮೂರರಲ್ಲಿ ಒಂದು ಪಾಲೂ ನೆಟ್ಟಗಿಲ್ಲ. ಹಾಗಂತ ನನ್ನನ್ನೂ ಎಸೀತೀರಾ? ಯಾರದು, ಡಬ್ಬಿಗೆ ಹಾಕು ಅಂದೋರು?"

ಕ್ವಾಲಿಟಿ ಸರ್ ಬೆವರು ಒರೆಸಿಕೊಂಡು, "ನಾನೇ, ತಾಯಿ," ಅಂದರು.

"ಅದು ನನ್ನ ರಕ್ತ ಕಣ್ರೀ, ನಿಮ್ಮಪ್ಪನ ಮನೆ ಆಸ್ತಿ ಅಲ್ಲ. ಕಳಿಸಿ!"

ಡಾಕ್ಟರಮ್ಮನೂ ಆಮೇಲೆ ಹಿಂದೆಮುಂದೆ ನೋಡಲಿಲ್ಲ, ಸಮಿತಿಯ ಮುಂದೆ ತಾವೇ ಕೂತು ವಾದ ಮಾಡಿದರು. ಸಮಿತಿ ಒಪ್ಪಿತು. ಸಹಿ ಹಾಕುವಾಗ ಕ್ವಾಲಿಟಿ ಸರ್ ಪೆನ್ನು ಹಿಡಿದುಕೊಂಡೇ ಕೇಳಿದರು:

"ಆಕೆಗೆ ಏನಾದ್ರೂ ಆಗಿಬಿಟ್ರೆ?"

"ಹೊಡೆದಾಡಿ ಆಗ್ಲಿ ಸರ್. ನಮ್ಮ ಡಬ್ಬಿಯಲ್ಲಿ ಬೇಡ."

ಚೀಲ ಕೊಟ್ಟ ಮೇಲೆ ಆಕೆಗೆ ಜ್ವರ ಬಂತು. ಒಳಗೆ ಕಾಳಗ ಶುರುವಾಗಿದೆ ಅಂತ ನಾನು ಕುಣಿದೆ. ಜ್ವರ ಇಳಿಯದೆ ಐಸಿಯುಗೆ ಹಾಕಿದಾಗ ನನ್ನ ಜಂಬವೆಲ್ಲ ಇಳಿದುಹೋಯಿತು, ಊಟ ಸೇರಲಿಲ್ಲ. ಆದರೂ ಒಂದು ಸಲವೂ ತಪ್ಪು ಮಾಡಿದೆ ಅನ್ನಿಸಲಿಲ್ಲ. ಕೊನೆಗೆ ಜ್ವರ ಬಿಟ್ಟಿತು. ಆಮೇಲಿನ ಪರೀಕ್ಷೆಯಲ್ಲಿ ಎಷ್ಟು ಹುಡುಕಿದರೂ ಒಂದೇ ಒಂದು ಕ್ಯಾನ್ಸರ್ ಕಣ ಸಿಗಲಿಲ್ಲ. ಮುಂದೆ ಹೇಗೋ ಏನೋ, ಬಲ್ಲವರ್ಯಾರು? ಈಗಂತೂ ಇಲ್ಲ.

ಮೊನ್ನೆ ಇನ್ನೊಂದು ಚೀಲ ಕೈಕೊಟ್ಟಿತು. ಈ ಸಲವೂ ಡಬ್ಬಿಗೆ ಹಾಕಿ ಅಂದರೆ ಸುಮ್ಮನೆ ಬಿಡಬಾರದು ಅಂತ ಸೆರಗು ಸಿಕ್ಕಿಸಿಕೊಂಡು ಕ್ವಾಲಿಟಿ ಸರ್ ಕೋಣೆಗೆ ನುಗ್ಗಿದೆ. ಅವರು ಕೈ ಎತ್ತಿ ಸುಮ್ಮನಿರಿ ಅಂತ ಸನ್ನೆ ಮಾಡಿದರು. ಕಿವಿಯಲ್ಲಿ ಫೋನು.

"ಡಾಕ್ಟ್ರೇ, ಚೀಲ ನಪಾಸಾಗಿದೆ," ಅನ್ನುತ್ತಿದ್ದರು. "ಇಲ್ಲ ಇಲ್ಲ, ನೀವಲ್ಲ, ರೋಗಿಗೇ ಕೊಡಿ ಫೋನು. ಅವರನ್ನೇ ಕೇಳ್ಬೇಕು."