ಬಾಗಿಲ ಚೌಕಟ್ಟಿನ ಗೆರೆ

ಥೆಸಲೋನಿಕಿಯ ಲುನಾ ಅಜ್ಜಿಗೆ ಮಂಡಿನೋವು, ಮೆಟ್ಟಿಲಿಳಿಯಲಾರಳು. ಅವಳು ಹುಟ್ಟಿದ ಮನೆಯ ಬಾಗಿಲು ಈಗ ಮ್ಯೂಸಿಯಮ್ಮಿನಲ್ಲಿದೆ. ಅದರ ಚೌಕಟ್ಟಿನಲ್ಲಿ ತಾನು ಚಿಕ್ಕವಳಿದ್ದಾಗ ಅಪ್ಪ ಗೀಚಿದ್ದ ತನ್ನ ಎತ್ತರದ ಗೆರೆಯನ್ನು ಒಮ್ಮೆ ನೋಡಬೇಕೆಂಬುದೇ ಅವಳ ಆಸೆ.

ಮೊಮ್ಮಗಳು ಅಲೇಗ್ರಾ ಟ್ಯಾಬ್‌ನಲ್ಲಿ ಮ್ಯೂಸಿಯಮ್ಮಿನ ಆನ್‌ಲೈನ್ ಪ್ರವಾಸ ತೆರೆದು ತೋರಿಸಿದಳು. ಯೆಹೂದಿಗಳು ಮನೆಯೊಳಗೆ ಕಾಲಿಡುವಾಗ ಮುಟ್ಟಿ ಮುತ್ತಿಡುವ, ಚೌಕಟ್ಟಿಗೆ ಬಡಿದ, ದೇವರ ವಾಕ್ಯವಿರುವ ಪುಟ್ಟ ಕರಡಿಗೆ ಕಂಡದ್ದೇ ತಡ, ಅಜ್ಜಿ ಪರದೆಯ ಮೇಲೆಯೇ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಟ್ಟಳು. ಚಿತ್ರ ಮುಂದಿನ ಕೋಣೆಗೆ ಹಾರಿತು.

"ಮುಟ್ಬೇಡ ಅಂದ್ನಲ್ಲಜ್ಜಿ! ಇದು ಮೂರನೇ ಸಲ."

"ಮುಟ್ಟದೇ ಒಳಗೆ ನುಗ್ಗೋಕೆ ನಾನೇನು ಕಳ್ಳೀನೇನೇ?"

ಅಲೇಗ್ರಾ ನಗುತ್ತಾ ಅಜ್ಜಿಯನ್ನು ತಮ್ಮದೇ ಮನೆಬಾಗಿಲಿಗೆ ನಡೆಸಿ, ಅವಳ ಕೈಯನ್ನು ಅಲ್ಲಿನ ಕರಡಿಗೆಯ ಮೇಲಿರಿಸಿ, ಟ್ಯಾಬ್‌ನಲ್ಲಿ ಹಳೆಯ ಬಾಗಿಲನ್ನು ಮತ್ತೆ ತೋರಿಸಿದಳು. ಈ ಸಲ ಚಿತ್ರ ಕದಲಲಿಲ್ಲ.

"ಅಗೋ, ಗೆರೆ!" ಎಂದಳು ಅಜ್ಜಿ. "ಆಗ ನಾನಿಷ್ಟೇ ಎತ್ತರ; ಆ ಕರಡಿಗೆ ಕೈಗೆಟುಕೋಕೆ ಅಪ್ಪನೇ ನನ್ನ ಎತ್ತಿ ಹಿಡೀಬೇಕಿತ್ತು ಕಣೇ."