ಸವೆದ ಬದಿ

ತಮ್ಮ ಹಾಸಿಗೆ ಹಿಡಿದ ಮೇಲೆ ಬೇಡಿದ್ದು ಒಂದೇ: ತನ್ನ ನಾಣ್ಯವನ್ನು ಅಣ್ಣ ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

ಅಣ್ಣ ಹಳೆಯ ನಾಣ್ಯಗಳ ಪರೀಕ್ಷಕ. ಪೇಟೆಯಲ್ಲಿ ಅವನ ಮಾತಿಗೆ ಎರಡನೆಯ ಮಾತಿರಲಿಲ್ಲ. ತಮ್ಮನ ನಾಣ್ಯದ ಒಂದು ಬದಿಯಲ್ಲಿ ರಾಜನ ಮುಖ ಉಬ್ಬಿ ನಿಲ್ಲುವ ಬದಲು ಕನ್ನಡಿಯಲ್ಲಿ ಕಂಡಂತೆ ತಿರುಗಿ ಒಳಕ್ಕೆ ಇಳಿದಿತ್ತು. ಟಂಕಸಾಲೆಯಲ್ಲಿ ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡು ಮುಂದಿನದರ ಮೇಲೆ ಒತ್ತಿದರೆ ಹಾಗಾಗುತ್ತದೆ. ಅಂಥದು ಸಿಗುವುದು ಅಪರೂಪ. ಎರಡು ನಾಣ್ಯಗಳನ್ನು ತಿರುಪಿನ ಇಕ್ಕಳದಲ್ಲಿ ಬಿಗಿದು ಮೋಸಗಾರರೂ ಹಾಗೆ ಮಾಡುತ್ತಾರೆ. ತಮ್ಮ ಮಾಡಿದ್ದು ಅದನ್ನೇ ಎಂದು ಪೇಟೆ ನಗಾಡಿತ್ತು. ಅಣ್ಣ ನಾಣ್ಯ ನೋಡದೆಯೇ ಪೇಟೆಯ ಮಾತು ನಂಬಿ, ವರ್ಷಗಳ ಹಿಂದೆಯೇ ತಮ್ಮನಿಗೆ ಬಾಗಿಲು ಮುಚ್ಚಿದ್ದ.

ಅಣ್ಣ ಬಂದಾಗ ಹೊಸ್ತಿಲಲ್ಲೇ ತಮ್ಮನ ಹೆಂಡತಿ ಕೈ ಮುಗಿದಳು. “ಅಸಲಿ ಅಂದ್ಬಿಡಿ ಭಾವ. ನೆಮ್ಮದಿಯಾಗಿ ಹೋಗ್ಲಿ.”

“ದೇವರ ಹೆಸರು ಹೇಳೋ ಬಾಯಮ್ಮ ಇದು, ಸುಳ್ಳಾಡಲ್ಲ,” ಎಂದ ಅವನು.

ತಮ್ಮ ಅಂಥ ಸ್ಥಿತಿಯಲ್ಲೂ ನಕ್ಕ. “ಬಾ ಅಣ್ಣ. ದೇವರ ಮೂರ್ತಿಗೂ ಭೂತಗನ್ನಡಿ ಹಿಡಿಯೋನು ನೀನು. ಇದನ್ನೂ ನೋಡು.”

ಅಣ್ಣ ನಾಣ್ಯವನ್ನು ಮಗುಚಿದ. ಟಂಕಸಾಲೆಯ ತಪ್ಪಾಗಿದ್ದರೆ ಹಿಂಬದಿಯಲ್ಲಿ ಅದೇ ರಾಜನ ಮುಖ ಚೊಕ್ಕವಾಗಿ ಉಬ್ಬಿರಬೇಕು. ಇಕ್ಕಳದ ಕಬ್ಬಿಣಕ್ಕೆ ಒತ್ತಿದ್ದರೆ ಅದು ಅಳಿಸಿರುತ್ತದೆ. ಇಲ್ಲಿ ಉಬ್ಬಿದ ಮುಖ ಇರಲೇ ಇಲ್ಲ. ಕಾಣಬೇಕೆಂದುಕೊಂಡು ಬಂದದ್ದೇ ಕಂಡಿತು. ಅಂಚಿನತ್ತ ಕಣ್ಣು ಹಾಯಿಸದೆ ಅವನು ಭೂತಗನ್ನಡಿಯನ್ನು ಜೇಬಿಗಿಳಿಸಿದ.

“ಇಕ್ಕಳದ ಕೆಲಸ ಕಣೋ.”

“ನಾನು ಮಾಡಿಲ್ಲ ಅಣ್ಣ.”

“ಹೋಗೋ ಹೊತ್ತಲ್ಲಾದರೂ ನಿಜ ಹೇಳು.”

ತಮ್ಮ ಗೋಡೆಯ ಕಡೆ ಹೊರಳಿದ. ಮತ್ತೆ ಈ ಕಡೆ ತಿರುಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ತಮ್ಮನ ಹೆಂಡತಿ ಹಾಸಿಗೆ ಸುತ್ತುತ್ತಿದ್ದಳು. ದಿಂಬಿನಡಿಯ ನಾಣ್ಯವನ್ನು ಭಾವನ ಅಂಗೈಗೆ ಹಾಕಿದಳು. ಏನಾದರೂ ಮಾತಾಡಬೇಕಲ್ಲ ಎಂದು, ಇಷ್ಟು ವರ್ಷ ಇದನ್ನು ಎಲ್ಲಿಟ್ಟಿದ್ದ ಎಂದು ಅವನು ಕೇಳಿದ.

“ಮುಷ್ಟೀಲೇ. ಸದಾ ಹೆಬ್ಬೆರಳಲ್ಲಿ ಉಜ್ಜೋರು. ಒಳಕ್ಕಿಳಿದ ಮುಖ ಸವೆದ್ರೆ ಅಣ್ಣ ಹೇಗೆ ನಂಬ್ತಾನೆ ಅಂತ, ಹಿಂದಿನ ಕಡೆ ಮಾತ್ರ.”

ಅವನು ಭೂತಗನ್ನಡಿ ತೆಗೆದ. ಇಕ್ಕಳಕ್ಕೆ ಸಿಕ್ಕ ನಾಣ್ಯದ ಅಂಚು ಹೊಟ್ಟೆ ಬಿಟ್ಟಿರುತ್ತದೆ. ಕಲಿಯುವವರಿಗೆ ಅವನೇ ಮೊದಲು ಹೇಳಿಕೊಡುತ್ತಿದ್ದ ಪಾಠ ಅದು. ಈ ಅಂಚು ಅಚ್ಚಿನಿಂದ ಈಗ ತಾನೇ ಬಿದ್ದಂತೆ ನೆಟ್ಟಗೆ ನಿಂತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

“ಅಸಲಿ ಕಣಮ್ಮ,” ಎಂದ.

ಅವಳು ಸುತ್ತಿದ ಹಾಸಿಗೆಗೆ ಹಗ್ಗ ಬಿಗಿದಳು.

“ಬೇಡಿಕೊಂಡಾಗ ಹೇಳಲಿಲ್ಲ. ಈಗ ಯಾರ ಸಮಾಧಾನಕ್ಕೆ ಭಾವ, ಈ ಸುಳ್ಳು?”