ಕಿಚ್ಚಿಗೆ ಸನ್ಮಾನ

ಗಲ್ಫಿನ ರೂವಿ ಪೇಟೆಯ ಹಾಲ್‌ನಲ್ಲಿ ಶುಕ್ರವಾರ ಊರ ಸಂಘದವರು ಐಶಮ್ಮನಿಗೆ ಶಾಲು ಹೊದೆಸುವವರಿದ್ದರು. ಇಷ್ಟು ವರ್ಷ ಎತ್ತ ಹೋಗಿತ್ತೋ, ಈಗ ಎಲ್ಲರಿಗೂ ಅಕ್ಕರೆ ಉಕ್ಕಿತ್ತು. ಉಳ್ಳಾಲದ ಕಡೆ ಬೀಡಿ ಕಟ್ಟುವ ಹೆಂಗಸರು ಸೇರಿ ಹೊರಡಿಸಿದ ‘ಕಿಚ್ಚು’ ಪತ್ರಿಕೆಗೆ ಹಿಂದೆ ಸಂಪಾದಕಿಯಾಗಿದ್ದವಳು ಅವಳು. ಅಲ್ ಹೈಲ್‌ನಲ್ಲಿರುವ ಮಗಳು ರಿಫಾಳ ಮನೆಗೆ ಬಂದಿದ್ದಳು.

ವರದಕ್ಷಿಣೆ ತೆಗೆದುಕೊಂಡವರ ಹೆಸರು, ಮನೆತನ ಎಲ್ಲ ಅಚ್ಚು ಹಾಕಿ, ‘ಈ ಮದುವೆಗೆ ಉಣ್ಣಲು ಹೋಗಬೇಡಿ’ ಎಂದು ಕೆಳಗೆ ಬರೆಯುವ ಪತ್ರಿಕೆ ಅದು. ಬೀಡಿ ಎಲೆಯ ಕಟ್ಟಿನೊಳಗೆ ಅಡಗಿ ಮನೆಮನೆಗೆ ಹೋಗುತ್ತಿತ್ತು. ಗಂಡಸರು ಎಲೆ ಮುಟ್ಟುವವರಲ್ಲವಲ್ಲ! ಬರೆಯುತ್ತಿದ್ದವಳು ಗೆಳತಿ ಅಪ್ಪಿ. ಒಮ್ಮೆ, ಎಲೆ ಕೊಟ್ಟು ಕಟ್ಟಿದ ಬೀಡಿ ಕೊಳ್ಳುವ ಡಿಪೋದ ಯಜಮಾನನ ಮಗ ಶರ್ಫುದ್ದೀನನ ಹೆಸರೇ ಬಂತು. ಯಜಮಾನ ಪ್ರತಿಗಳನ್ನು ಅಂಗಳದಲ್ಲಿ ರಾಶಿ ಹಾಕಿ ಸುಡಿಸಿದ. ಅಪ್ಪಿಗೆ ಯಾವ ಡಿಪೋದಲ್ಲೂ ಎಲೆ ಸಿಗದಂತೆ ಮಾಡಿದ. ಅವಳು ಹೊಟ್ಟೆಗಿಲ್ಲದೆ ಸೊರಗಿ ಕ್ಷಯದಲ್ಲಿ ಸತ್ತಳು. ಪತ್ರಿಕೆಯೂ ನಿಂತಿತು.

ಆ ಶರ್ಫುದ್ದೀನನೇ ಈಗ ಸಂಘದ ಅಧ್ಯಕ್ಷ. ರಿಫಾಳ ಗಂಡ ಶಹೀದ್ ಕೆಲಸ ಮಾಡುವ ಕಂಪನಿಯೂ ಅವನದೇ.

ವೇದಿಕೆಯ ಮೇಲೆ ಸಂಘದ ಕಾರ್ಯದರ್ಶಿ ಬಾದುಶಾ ಪತ್ರಿಕೆಯ ಇತಿಹಾಸ ಓದಿದ. ಅಡುಗೆ, ಹೊಲಿಗೆ, ಮಕ್ಕಳ ಪಾಲನೆ ಕಲಿಸಿದ ಮಾಸಿಕವಂತೆ. ಅಧ್ಯಕ್ಷರ ತಂದೆಯೇ ಅದರ ಮಹಾಪೋಷಕರಂತೆ. ಅಪ್ಪಿಯ ಹೆಸರು ಎಲ್ಲೂ ಇಲ್ಲ. ಐಶಮ್ಮನಿಗೆ ಹೊದೆಸಿದ ಶಾಲು ಮೈಮೇಲೆ ಹಲ್ಲಿ ಬಿದ್ದಂತಾಯಿತು. ಎಂಥ ನಾಚಿಕೆಗೆಟ್ಟ ಜನ!

ಅವಳು ಮಾತಾಡಲು ಏಳುವಾಗ ಶಹೀದ್ ಬಳಿಗೆ ಬಂದು ಬಗ್ಗಿದ. “ಮಾಮಿ, ಎಂತದೂ ಹೇಳ್ಬೇಡಿ. ನನ್ನ ವೀಸಾ ಅವರ ಕೈಯಲ್ಲಿ ಉಂಟು.”

ಅವಳು ಮೈಕಿನ ಮುಂದೆ ನಿಂತಳು. “ಇವರು ಓದಿದ್ದೆಲ್ಲ ಸುಳ್ಳು. ಕಿಚ್ಚು ಬರೆದದ್ದು ಅಪ್ಪಿ. ಸುಡಿಸಿದ್ದು ಈ ಶರ್ಫುದ್ದೀನನ ಅಪ್ಪ. ಮಗ ವರದಕ್ಷಿಣೆ ತೆಗೊಂಡದ್ದನ್ನು ಬರೆದಳು ಅಂತ ಅವಳ ಅನ್ನ ಕಿತ್ಕೊಂಡು ಕೊಂದ್ರು.”

ಶರ್ಫುದ್ದೀನನ ಮುಖ ಒಂದಿಷ್ಟೂ ಬಾಡಲಿಲ್ಲ. ಹೊಟ್ಟೆ ಕುಣಿಸಿ ನಕ್ಕು ಮೈಕನ್ನು ಎಳೆದುಕೊಂಡ.

“ನೋಡಿ ಮಾರಾಯ್ರೆ, ಐಶಮ್ಮನ ತಮಾಷೆ ಈಗಲೂ ಹಾಗೇ ಉಂಟು! ಒಂದು ಜೋರು ಚಪ್ಪಾಳೆ ಬರ್ಲಿ!”

ಬಂತು. ಮೊದಲು ತಟ್ಟಿದವನು ಶಹೀದ್. ಆಮೇಲೆ ಬಾದುಶಾ, ಮುಂದಿನ ಸಾಲು, ಹಿಂದಿನ ಸಾಲು. ಬೆವರಿದ ಕೈಗಳ ಆ ಸದ್ದು ಐಶಮ್ಮನಿಗೆ ಹೇಸಿಗೆಯಾಯಿತು. ಒಬ್ಬಳಾದರೂ ಸುಮ್ಮನೆ ಕೂತಿರಬಹುದೆಂದು ಹೆಂಗಸರ ಸಾಲಿನಲ್ಲಿ ಮಗಳನ್ನು ಹುಡುಕಿದಳು.

ಅಪ್ಪಿ ಸೊಂಟದ ಮೇಲೆ ಹೊತ್ತು ಬೆಳೆಸಿದ ರಿಫಾ, ತಲೆ ತಗ್ಗಿಸಿಕೊಂಡು, ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದಳು.